ನೀರಿನಲ್ಲಿ ಬೇಯುವ ಇಟ್ಟಿಗೆ

ರಾಯಚೂರು, ಬಳ್ಳಾರಿ, ಕೊಪ್ಪಳ ಮತ್ತು ವಿಜಯಪುರ ಜಿಲ್ಲೆಗಳ ಹಾರುಬೂದಿ ಇಟ್ಟಿಗೆ ತಯಾರಕರಿಗೆ ಬಹಿರಂಗ ಪತ್ರ



ಹಾರುಬೂದಿ ಇಟ್ಟಿಗೆಯ ಬಗ್ಗೆ ಗೌಂಡಿಗಳಲ್ಲಿಯೂ ಮನೆ ಕಟ್ಟಿಸುವವರಲ್ಲಿಯೂ ಇಂದಿಗೂ ಉಳಿದುಕೊಂಡಿರುವ ಸಂಶಯದ ಮೂಲ ಬೂದಿಯಲ್ಲಿಲ್ಲ. ಗಟ್ಟಿಯಾಗಲು ಅದಕ್ಕೆ ಬೇಕಾದ ನೀರನ್ನೂ ದಿನಗಳನ್ನೂ ಕೊಡದೆ ಇಟ್ಟಿಗೆಯನ್ನು ಲಾರಿಗೆ ಏರಿಸುವ ಅವಸರದಲ್ಲಿದೆ. ಸುಟ್ಟ ಮಣ್ಣಿನ ಇಟ್ಟಿಗೆ ಭಟ್ಟಿಯಿಂದ ಹೊರಬಂದ ದಿನವೇ ತನ್ನ ಬಲವನ್ನೆಲ್ಲ ಪಡೆದುಕೊಂಡಿರುತ್ತದೆ. ಆದ್ದರಿಂದ ಅದನ್ನು ಆರಿದ ಕೂಡಲೇ ಮಾರಿದರೂ ಕೊಳ್ಳುವವರಿಗೆ ನಷ್ಟವಿಲ್ಲ. ಹಾರುಬೂದಿ ಇಟ್ಟಿಗೆ ಪ್ರೆಸ್ಸಿನಿಂದ ಹೊರಬಂದ ದಿನ ಆಕಾರವನ್ನಷ್ಟೇ ಪಡೆದಿರುತ್ತದೆ; ಅಂಚು ಚೂಪಾಗಿ, ಮೈ ನುಣುಪಾಗಿ, ಅಳತೆ ಕರಾರುವಾಕ್ಕಾಗಿ ಕಾಣುವ ಅದು ಒಳಗೆ ಇನ್ನೂ ಹಸಿ ಇಟ್ಟಿಗೆಯೇ. ಮೂರನೆಯ ದಿನದ ಇಟ್ಟಿಗೆಗೂ ಇಪ್ಪತ್ತೆಂಟನೆಯ ದಿನದ ಇಟ್ಟಿಗೆಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಹೆಚ್ಚೇನೂ ಇಲ್ಲದಿರುವುದರಿಂದ ಬೇಗ ಮಾರುವ ಆಸೆಗೆ ತಡೆಯೇ ಇಲ್ಲವಾಗುತ್ತದೆ, ಮತ್ತು ಹಾಗೆ ಮಾರಿದ ಇಟ್ಟಿಗೆಯ ಗೋಡೆ ಮುಂದೆ ಬಿರುಕು ಬಿಟ್ಟಾಗ ಕೆಟ್ಟ ಹೆಸರು ಮಾರಿದವರೊಬ್ಬರಿಗೇ ಅಂಟದೆ ಬೂದಿ ಇಟ್ಟಿಗೆ ಎಂಬ ಇಡೀ ಜಾತಿಗೆ ಅಂಟುತ್ತದೆ. ಸರ್ಕಾರಿ ಕಾಮಗಾರಿಗಳಲ್ಲಿ ಆದ್ಯತೆ ಸಿಗುತ್ತಿಲ್ಲ, ಒಳ್ಳೆಯ ಬೂದಿ ದೊಡ್ಡ ಕಂಪನಿಗಳ ಪಾಲಾಗುತ್ತದೆ, ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ ಎಂಬ ತಯಾರಕರ ದೂರುಗಳಲ್ಲಿ ಹುರುಳಿದೆ. ಆದರೂ ಆ ದೂರುಗಳ ಪರಿಹಾರ ಇತರರ ಕೈಯಲ್ಲಿದ್ದರೆ, ನೀರು ಮತ್ತು ದಿನಗಳ ವಿಷಯ ಸಂಪೂರ್ಣವಾಗಿ ತಯಾರಕರ ಅಂಗಳದೊಳಗಿನದು. ಆ ಕಾರಣದಿಂದಲೇ ಈ ಪತ್ರ ಇಲಾಖೆಗಳಿಗೆ ಹೋಗದೆ ನೇರವಾಗಿ ತಯಾರಕರಿಗೆ ಬಂದಿದೆ.

ವಿಷಯದ ಗಾತ್ರ ಸಣ್ಣದಲ್ಲ. ಭಾರತದ ಕಲ್ಲಿದ್ದಲಿನಲ್ಲಿ ಸುಡದೆ ಉಳಿಯುವ ಖನಿಜಾಂಶ ಸರಾಸರಿ ತೂಕದ ಮೂರನೆಯ ಒಂದು ಭಾಗದಷ್ಟಿದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಎಂದು ಹಿಡಿದರೆ, ಮನೆಯ ಮೀಟರಿನಲ್ಲಿ ಓಡುವ ಪ್ರತಿ ಯೂನಿಟ್ಟಿನ ಹಿಂದೆ 200 ಗ್ರಾಂಗೂ ಹೆಚ್ಚು ಬೂದಿ ಎಲ್ಲೋ ಒಂದು ಕಡೆ ಬಂದು ಬೀಳುತ್ತದೆ. ಆ ‘ಎಲ್ಲೋ’ ಎಂಬುದರ ದೊಡ್ಡ ಭಾಗ ಕರ್ನಾಟಕದಲ್ಲಿ ಇದೇ ಜಿಲ್ಲೆಗಳಲ್ಲಿದೆ. ಕೃಷ್ಣಾ ತೀರದ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಆರಂಭವಾದ ರಾಯಚೂರು ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯ 1,720 ಮೆಗಾವಾಟ್. ಅದಕ್ಕೆ ಸಮೀಪದ ಯರಮರಸ್‌ನದು 1,600, ಕುಡಿತಿನಿಯ ಬಳ್ಳಾರಿ ಕೇಂದ್ರದ್ದು 1,700, ವಿಜಯಪುರ ಜಿಲ್ಲೆಯ ಕೂಡಗಿಯದು 2,400. ಶಕ್ತಿನಗರದ 210 ಮೆಗಾವಾಟಿನ ಒಂದೇ ಘಟಕ ದಿನಪೂರ್ತಿ ಪೂರ್ಣ ಬಲದಲ್ಲಿ ನಡೆದರೆ ಸುಮಾರು 3,500 ಟನ್ ಕಲ್ಲಿದ್ದಲು ಉರಿದು 1,100 ಟನ್ನಿಗೂ ಹೆಚ್ಚು ಬೂದಿ ಉಳಿಯುತ್ತದೆ. ಮೂರು ಕಿಲೋ ತೂಕದ ಇಟ್ಟಿಗೆಯಲ್ಲಿ ಅರ್ಧದಷ್ಟು ಬೂದಿ ಎಂದು ಲೆಕ್ಕ ಹಾಕಿದರೆ ಆ ಒಂದು ಘಟಕದ ಒಂದು ದಿನದ ಬೂದಿಗೇ ಏಳು ಲಕ್ಷಕ್ಕೂ ಹೆಚ್ಚು ಇಟ್ಟಿಗೆ ಬೇಕು. ಬೂದಿಯನ್ನೆಲ್ಲ ಇಟ್ಟಿಗೆಯೇ ನುಂಗಿಬಿಡುತ್ತದೆ ಎಂಬ ಭಾಷಣಗಳ ಮಾತನ್ನು ಈ ಲೆಕ್ಕ ಸುಳ್ಳು ಮಾಡುತ್ತದೆ. ದೇಶದ ಒಟ್ಟು ಬೂದಿಯಲ್ಲಿ ಇಟ್ಟಿಗೆ ಮತ್ತು ಹೆಂಚುಗಳಿಗೆ ಹೋಗುವುದು ಎಂಟನೆಯ ಒಂದು ಭಾಗದ ಆಸುಪಾಸು. ಸಿಮೆಂಟ್ ಕಾರ್ಖಾನೆಗಳು, ರಸ್ತೆಗಳು, ತಗ್ಗು ಪ್ರದೇಶ ತುಂಬುವ ಕೆಲಸಗಳು ಅದಕ್ಕಿಂತ ಬಹಳ ಹೆಚ್ಚು ಬೂದಿಯನ್ನು ಒಯ್ಯುತ್ತವೆ.

ಕಾನೂನು ಈ ಉದ್ಯಮದ ಬೆನ್ನಿಗೆ ನಿಂತಿಲ್ಲವೆಂದು ಹೇಳಲಾಗದು. ಕೇಂದ್ರ ಪರಿಸರ ಸಚಿವಾಲಯ 1999ರ ಸೆಪ್ಟೆಂಬರ್ 14ರಂದು ಹೊರಡಿಸಿದ ಅಧಿಸೂಚನೆ ಉಷ್ಣ ವಿದ್ಯುತ್ ಕೇಂದ್ರದ 50 ಕಿಲೋಮೀಟರ್ ತ್ರಿಜ್ಯದೊಳಗೆ ತಯಾರಾಗುವ ಮಣ್ಣಿನ ಇಟ್ಟಿಗೆಗೆ ಕನಿಷ್ಠ ಕಾಲು ಭಾಗ ಬೂದಿ ಬೆರೆಸಬೇಕೆಂದಿತು. ಆ ತ್ರಿಜ್ಯ 2003ರಲ್ಲಿ 100 ಕಿಲೋಮೀಟರಿಗೂ 2016ರಲ್ಲಿ 300 ಕಿಲೋಮೀಟರಿಗೂ ಹಿಗ್ಗಿತು. 2009ರ ತಿದ್ದುಪಡಿ ಒಣ ಹಾರುಬೂದಿಯ ಶೇ. 20ರಷ್ಟನ್ನಾದರೂ ಇಟ್ಟಿಗೆ ಘಟಕಗಳಿಗೆ ಉಚಿತವಾಗಿ, ಇತರರಿಗಿಂತ ಮೊದಲು ಕೊಡಬೇಕೆಂದು ಹೇಳಿತ್ತು. 2021ರ ಡಿಸೆಂಬರ್ 31ರ ಹೊಸ ಅಧಿಸೂಚನೆ ಬಳಕೆಯಾಗದೆ ಉಳಿದ ಪ್ರತಿ ಟನ್ ಬೂದಿಗೆ ವಿದ್ಯುತ್ ಕೇಂದ್ರವು 1,000 ರೂಪಾಯಿ ಪರಿಸರ ಪರಿಹಾರ ತೆರಬೇಕೆಂದು ವಿಧಿಸಿದ್ದಲ್ಲದೆ, 300 ಕಿಲೋಮೀಟರಿನೊಳಗಿನ ಕಟ್ಟಡಗಳು ಬೂದಿಯ ಇಟ್ಟಿಗೆಯನ್ನೇ ಬಳಸಬೇಕು, ಆದರೆ ಅದರ ಬೆಲೆ ಪರ್ಯಾಯ ಸಾಮಗ್ರಿಯ ಬೆಲೆಗಿಂತ ಹೆಚ್ಚಿರಬಾರದು ಎಂದಿತು. 1996–97ರಲ್ಲಿ ದೇಶದಲ್ಲಿ ಉತ್ಪನ್ನವಾದ ಸುಮಾರು 6.9 ಕೋಟಿ ಟನ್ ಬೂದಿಯಲ್ಲಿ ಶೇ. 10ರಷ್ಟೂ ಬಳಕೆಯಾಗುತ್ತಿರಲಿಲ್ಲ, 2021–22ರ ಹೊತ್ತಿಗೆ ಬೂದಿ 27 ಕೋಟಿ ಟನ್ನಿಗೆ ಏರಿದರೂ ಶೇ. 95ಕ್ಕಿಂತ ಹೆಚ್ಚು ಬಳಕೆಯಾಯಿತೆಂದು ಸರ್ಕಾರದ ಲೆಕ್ಕ ತೋರಿಸುತ್ತದೆ. ಬೂದಿಯನ್ನು ವಿದ್ಯುತ್ ಕೇಂದ್ರಗಳ ಹೊಂಡದಿಂದ ಹೊರಗೆ ಸಾಗಿಸುವ ಕೆಲಸವನ್ನು ಕಾನೂನು ತಕ್ಕಮಟ್ಟಿಗೆ ಮಾಡಿದೆ. ಸಾಗಿಸಿದ ಬೂದಿ ಒಳ್ಳೆಯ ಇಟ್ಟಿಗೆಯಾಯಿತೇ ಎಂದು ಕೇಳುವವರು ಮಾತ್ರ ಅಧಿಸೂಚನೆಗಳಲ್ಲಿ ಕಾಣಸಿಗುವುದು ಅಪರೂಪ.

ಬೂದಿ ಇಟ್ಟಿಗೆಯಾಗುವ ಬಗೆಯನ್ನು ತಯಾರಕರಿಗೆ ವಿವರಿಸಲು ಹೊರಡುವುದು ಉದ್ಧಟತನವೆನಿಸಬಹುದಾದರೂ, ಅಂಗಳದ ಅಭ್ಯಾಸಗಳಲ್ಲಿ ಹಲವು ಈ ಬಗೆಯನ್ನು ಮರೆತಂತೆ ಕಾಣುವುದರಿಂದ ಅದನ್ನು ಇಲ್ಲಿ ಬಿಡಿಸಿ ಹೇಳುವುದು ಅಗತ್ಯ. ಪುಡಿಮಾಡಿದ ಕಲ್ಲಿದ್ದಲು ಬಾಯ್ಲರಿನಲ್ಲಿ ಉರಿಯುವಾಗ ಅದರೊಳಗಿನ ಮಣ್ಣಿನಂಶ ಕರಗಿ, ಹೊಗೆಯೊಡನೆ ಮೇಲೇರುತ್ತ ಥಟ್ಟನೆ ತಣಿದು, ಗಾಜಿನಂಥ ಅತಿ ಸಣ್ಣ ಗುಂಡುಗಳಾಗುತ್ತದೆ, ಇ.ಎಸ್.ಪಿ. ಎಂಬ ಯಂತ್ರದ ವಿದ್ಯುದಾವೇಶದ ತಗಡುಗಳು ಈ ಗುಂಡುಗಳನ್ನು ಹೊಗೆಯಿಂದ ಸೆಳೆದು ಕೆಳಗಿನ ತೊಟ್ಟಿಗೆ ಇಳಿಸುತ್ತವೆ. ಇದೇ ಹಾರುಬೂದಿ. ಬಾಯ್ಲರಿನ ತಳಕ್ಕೆ ಬೀಳುವ ದಪ್ಪ ಬೂದಿ ತಳಬೂದಿ. ಹಾರುಬೂದಿಯ ಹೆಚ್ಚಿನ ಭಾಗ ಸಿಲಿಕಾ ಮತ್ತು ಅಲ್ಯೂಮಿನಾ. ನಮ್ಮ ಕಲ್ಲಿದ್ದಲಿನ ಬೂದಿಯಲ್ಲಿ ಸುಣ್ಣದ ಅಂಶ ತೀರ ಕಡಿಮೆಯಾದ್ದರಿಂದ ಅದನ್ನು ನೀರಿನಲ್ಲಿ ಕಲಸಿಟ್ಟರೆ ಅದು ತಾನಾಗಿ ಗಟ್ಟಿಯಾಗುವುದಿಲ್ಲ. ಸುಣ್ಣ ಸೇರಿದಾಗ, ತೇವ ಇರುವಷ್ಟು ಕಾಲ, ಬೂದಿಯ ಗಾಜು ನಿಧಾನವಾಗಿ ಸುಣ್ಣದೊಡನೆ ಕೂಡಿ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಅಂಟನ್ನು ಕಟ್ಟುತ್ತದೆ. ಸಿಮೆಂಟಿಗೆ ಬಲ ಕೊಡುವುದೂ ಇದೇ ಅಂಟು. ಜಿಪ್ಸಂ ಸೇರಿಸಿದರೆ ಮೊದಲ ದಿನಗಳ ಬಲ ಬೇಗ ಬರುತ್ತದೆ, ಇಟ್ಟಿಗೆಯನ್ನು ಎತ್ತಿ ಸರಿಸುವುದು ಸುಲಭವಾಗುತ್ತದೆ. ವಿಶಾಖಪಟ್ಟಣದ ಎನ್. ಭಾನುಮತಿದಾಸ್ ಮತ್ತು ಎನ್. ಕಾಳಿದಾಸ್ ಅವರು ರೂಪಿಸಿದ ಫಾಲ್-ಜಿ ವಿಧಾನ ಈ ಮೂರನ್ನೇ, ಅಂದರೆ ಹಾರುಬೂದಿ, ಸುಣ್ಣ, ಜಿಪ್ಸಂಗಳನ್ನೇ ಆಧರಿಸಿದ್ದು, ಭಟ್ಟಿಯಿಲ್ಲದೆ ಸಣ್ಣ ಬಂಡವಾಳದಲ್ಲಿ ಇಟ್ಟಿಗೆ ಮಾಡುವ ದಾರಿಯನ್ನು ದೇಶದ ಎಷ್ಟೋ ಊರುಗಳಿಗೆ ತೋರಿಸಿಕೊಟ್ಟಿತು.

ಈ ರಸಾಯನ ಈ ನಾಡಿಗೆ ಹೊಸದೇನೂ ಅಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸುರ್ಕಿ ಗಾರೆ, ಅಂದರೆ ಸುಟ್ಟ ಜೇಡಿಮಣ್ಣಿನ ಪುಡಿಯನ್ನು ಸುಣ್ಣದೊಡನೆ ಅರೆದು ಮಾಡಿದ ಗಾರೆ. ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟೆಯಲ್ಲೂ ಸುರ್ಕಿಯೇ ಬಳಕೆಯಾಯಿತು. ಸುರ್ಕಿಯಲ್ಲಿ ಸುಟ್ಟ ಮಣ್ಣು ಮಾಡುವ ಕೆಲಸವನ್ನೇ ಇಟ್ಟಿಗೆಯಲ್ಲಿ ಹಾರುಬೂದಿ ಮಾಡುತ್ತದೆ. ಬೂದಿಯಲ್ಲಿ ಎಲ್ಲಾದರೂ ಗೋಡೆ ನಿಲ್ಲುವುದುಂಟೇ ಎಂದು ಕೇಳುವ ಗಿರಾಕಿಗೆ ತುಂಗಭದ್ರೆಯ ಕಟ್ಟೆಯನ್ನು ತೋರಿಸುವುದು ತಯಾರಕರಿಗೆ ಕಷ್ಟವಲ್ಲ. ಆದರೆ ಹಾಗೆ ತೋರಿಸುವವರು ಇನ್ನೊಂದನ್ನೂ ನೆನಪಿಡಬೇಕಾಗುತ್ತದೆ. ಸುಣ್ಣದ ಗಾರೆ ಆತುರದ ಸಾಮಗ್ರಿಯಾಗಿರಲಿಲ್ಲ, ತಿಂಗಳುಗಟ್ಟಲೆ ತೇವದಲ್ಲಿ ಮಾಗಿ ಗಟ್ಟಿಯಾಯಿತು, ಮತ್ತು ಅದನ್ನು ಬಳಸಿದವರಿಗೆ ಆ ನಿಧಾನದ ಅರಿವಿತ್ತು.

ಹಾರುಬೂದಿ ಇಟ್ಟಿಗೆ ನೀರಿನಲ್ಲಿ ಬೇಯುತ್ತದೆ ಎಂದರೆ ತಪ್ಪಾಗದು. ಭಟ್ಟಿಯ ಇಟ್ಟಿಗೆಗೆ 900ರಿಂದ 1,000 ಡಿಗ್ರಿಯ ಬೆಂಕಿ ಮಾಡುವ ಕೆಲಸವನ್ನು ಇಲ್ಲಿ ಎರಡರಿಂದ ನಾಲ್ಕು ವಾರಗಳ ತೇವ ಮಾಡುತ್ತದೆ. ಅರ್ಧಕ್ಕೆ ಬೆಂಕಿ ಆರಿಸಿದ ಭಟ್ಟಿಯಿಂದ ಯಾವ ತಯಾರಕರೂ ಇಟ್ಟಿಗೆ ತೆಗೆದು ಮಾರುವುದಿಲ್ಲವಾದರೆ ಅರ್ಧಕ್ಕೆ ನೀರು ನಿಂತ ಇಟ್ಟಿಗೆಯನ್ನು ಮಾರುವುದೂ ಸಲ್ಲದು. ಕ್ಯೂರಿಂಗ್ ಎಂದು ಕರೆಯುವ ಈ ಕೆಲಸ ಹಲವು ಅಂಗಳಗಳಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪೈಪಿನಿಂದ ನೀರು ಹೊಡೆಯುವುದಕ್ಕೆ ಸೀಮಿತವಾಗಿದೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ ಹೀಗೆ ಹೊಡೆದ ನೀರು ಸ್ವಲ್ಪ ಹೊತ್ತಿನಲ್ಲೇ ಆವಿಯಾಗಿ, ದಿನದ ಉಳಿದ ಭಾಗವನ್ನೆಲ್ಲ ಇಟ್ಟಿಗೆಯ ಹೊರಮೈ ಒಣಗಿಯೇ ಕಳೆಯುತ್ತದೆ. ತೇವ ಹೋದೊಡನೆ ಸುಣ್ಣ ಮತ್ತು ಬೂದಿಯ ಕೂಡಿಕೆ ನಿಂತುಹೋಗುತ್ತದೆ. ವಿಪರ್ಯಾಸವೆಂದರೆ, ತೇವವನ್ನು ಹಿಡಿದಿಡಬಲ್ಲವರಿಗೆ ಅದೇ ಬಿಸಿಲು ಸಹಾಯಕ, ಏಕೆಂದರೆ ಈ ಕ್ರಿಯೆ ಬಿಸಿಯಲ್ಲಿ ಚುರುಕಾಗುತ್ತದೆ. ಒದ್ದೆ ಗೋಣಿತಟ್ಟನ್ನು ಸಾಲಿನ ಮೇಲೆ ಹೊದಿಸಿ ಅದರ ಮೇಲೆ ಕಪ್ಪು ತಾಡಪಾಲನ್ನು ನೆಲದವರೆಗೆ ಇಳಿಬಿಟ್ಟು ಕಲ್ಲಿಟ್ಟರೆ, ಒಳಗಿನ ಗಾಳಿ ಬಿಸಿಯಾಗಿಯೂ ತೇವವಾಗಿಯೂ ಉಳಿಯುತ್ತದೆ, ನೀರಿನ ಖರ್ಚೂ ಇಳಿಯುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಹಳ್ಳಿಗಳ ಪಕ್ಕದಲ್ಲಿ ಇಟ್ಟಿಗೆಗೆ ನೀರು ಸುರಿಯುವುದು ಸಣ್ಣ ಸಂಗತಿಯಲ್ಲವಾದ್ದರಿಂದ ಈ ಉಳಿತಾಯಕ್ಕೆ ಹಣದ ಲೆಕ್ಕದಾಚೆಗೂ ಬೆಲೆಯಿದೆ. ನೆಲಕ್ಕೆ ಇಳಿಜಾರು ಕೊಟ್ಟು, ಹರಿದುಹೋಗುವ ನೀರನ್ನು ಗುಂಡಿಯಲ್ಲಿ ಕೂಡಿಸಿದರೆ ಸುಣ್ಣ ಬೆರೆತ ಆ ನೀರು ಮರುದಿನದ ಕಲಸುವಿಕೆಗೆ ಒದಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಸವಳು ಬಿದ್ದ ಭೂಮಿಯ ಬೋರ್‌ವೆಲ್ ನೀರನ್ನು ಮಾತ್ರ ಪರೀಕ್ಷಿಸದೆ ಬಳಸಬಾರದು. ಅದರ ಲವಣ ಇಟ್ಟಿಗೆಯೊಳಗೆ ಸೇರಿ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಗೋಡೆಯ ಮೇಲೆ ಬಿಳಿ ಉಪ್ಪಾಗಿ ಹೊರಬರುತ್ತದೆ.

ಬೂದಿಯ ಆಯ್ಕೆಯಲ್ಲೂ ಇದೇ ಬಗೆಯ ಗೊಂದಲವಿದೆ. ನೀರಿನೊಡನೆ ಕೊಳವೆಯಲ್ಲಿ ಹರಿಸಿ ಬೂದಿ ಹೊಂಡಕ್ಕೆ ತುಂಬಿದ ಬೂದಿ ಹಾರುಬೂದಿ, ತಳಬೂದಿ ಎರಡೂ ಬೆರೆತದ್ದು, ದಪ್ಪ ಕಣದ್ದು, ವರ್ಷಗಟ್ಟಲೆ ನೆನೆದು ಚುರುಕು ಕಳೆದುಕೊಂಡದ್ದು. ಅದು ಮರಳಿನ ಅಥವಾ ಕ್ರಷರ್ ಪುಡಿಯ ಬದಲಿಗೆ ನಿಲ್ಲಬಲ್ಲದೇ ಹೊರತು ಸುಣ್ಣದೊಡನೆ ಕೂಡಿ ಅಂಟು ಕಟ್ಟುವ ಬೂದಿಯ ಬದಲಿಗೆ ನಿಲ್ಲಲಾರದು. ಒಣ ಹಾರುಬೂದಿಯನ್ನು ಕಲಬುರಗಿ ಸೀಮೆಯ ಸಿಮೆಂಟ್ ಕಾರ್ಖಾನೆಗಳು ಸಾಲುಸಾಲು ಟ್ಯಾಂಕರುಗಳಲ್ಲಿ ಒಯ್ಯಬಲ್ಲವು, ಏಕೆಂದರೆ ಪಿ.ಪಿ.ಸಿ. ಸಿಮೆಂಟಿನಲ್ಲಿ ಶೇ. 15ರಿಂದ 35ರವರೆಗೆ ಬೂದಿ ಬೆರೆಸಲು ಮಾನಕವೇ ಅವಕಾಶ ಕೊಡುತ್ತದೆ. ಹೀಗಾಗಿ ಕಸವೆಂದು ಎಸೆಯುತ್ತಿದ್ದ ಬೂದಿಗೆ ಬೆಲೆ ಬಂತು, ಸಣ್ಣ ಘಟಕದ ಕೈಗೆ ಹೊಂಡದ ಬೂದಿ ಉಳಿಯಿತು. ಇದು ಅನ್ಯಾಯವೆಂದು ತಯಾರಕರ ಸಂಘಗಳು ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಹೊಂಡದ ಬೂದಿಯಿಂದ ಮಾಡಿದ ದುರ್ಬಲ ಇಟ್ಟಿಗೆಯನ್ನು ಒಣ ಬೂದಿಯ ಇಟ್ಟಿಗೆಯ ಹೆಸರಿನಲ್ಲಿ ಮಾರುವುದು ಆ ಅನ್ಯಾಯವನ್ನು ಮನೆ ಕಟ್ಟಿಸುವವರಿಗೆ ದಾಟಿಸಿದಂತೆ. ಐ.ಎಸ್. 3812 ಮಾನಕದ ಪ್ರಕಾರ ಒಳ್ಳೆಯ ಹಾರುಬೂದಿಯಲ್ಲಿ ಕಾಯಿಸಿದಾಗ ಕಳೆದುಹೋಗುವ ಅಂಶ, ಅಂದರೆ ಮುಖ್ಯವಾಗಿ ಸುಡದೆ ಉಳಿದ ಇದ್ದಿಲು, ಶೇ. 5ನ್ನು ಮೀರಬಾರದು, ಕಪ್ಪಗೆ ಕಾಣುವ, ಕೈಗೆ ಮಸಿಯಂತೆ ಹತ್ತುವ ಬೂದಿ ಹೆಚ್ಚು ನೀರು ಕುಡಿದು ಬಲ ಕುಗ್ಗಿಸುತ್ತದೆ. ಹೊಸ ಲೋಡ್ ಬಂದಾಗಲೆಲ್ಲ ಒಂದು ಹಿಡಿ ಬೂದಿಯನ್ನು ಪರೀಕ್ಷಾಲಯಕ್ಕೆ ಕಳಿಸುವುದು ಅತಿಯೆನಿಸಿದರೆ, ಮೂಲ ಬದಲಾದಾಗಲಾದರೂ ಕಳಿಸಲೇಬೇಕು.

ಸುಣ್ಣದ ವಿಷಯ ಇನ್ನೂ ಸೂಕ್ಷ್ಮ. ಗಾಳಿಗೆ ತೆರೆದಿಟ್ಟ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದಕಲ್ಲಿನ ಪುಡಿಯೇ ಆಗಿಬಿಡುತ್ತದೆ. ನೋಡಲು ಬೆಳ್ಳಗೆ ಇದ್ದರೂ ಅದರಲ್ಲಿ ಕೂಡುವ ಗುಣ ಉಳಿದಿರುವುದಿಲ್ಲ. ಅಸಿಟಿಲೀನ್ ಅನಿಲ ತಯಾರಿಸುವ ಘಟಕಗಳಿಂದ ಬರುವ ಕಾರ್ಬೈಡ್ ಸುಣ್ಣ ಕೂಡ ಒಂದು ಕೈಗಾರಿಕಾ ತ್ಯಾಜ್ಯವೇ ಆಗಿದ್ದು ಅಗ್ಗವಾಗಿ ಸಿಗುತ್ತದೆ, ಆದರೆ ತೆರೆದ ಬಯಲಿನಲ್ಲಿ ರಾಶಿ ಹಾಕಿದ ಮೇಲೆ ಅದೂ ಹೀಗೆಯೇ ಸಾಯುತ್ತದೆ. ಶಹಾಬಾದ್ ಪರಸಿ ಕಲ್ಲು ಕೊಯ್ಯುವಾಗ ಬರುವ ಬಿಳಿ ಕೆಸರನ್ನು ಸುಣ್ಣವೆಂದು ತಿಳಿದು ಬೆರೆಸಿದರೆ ಅದು ಬರೀ ತುಂಬುವ ಪುಡಿಯಾಗುತ್ತದೆ, ಏಕೆಂದರೆ ಅದು ಸುಡದ ಸುಣ್ಣದಕಲ್ಲು. ಸುಣ್ಣದ ಈ ತಾಪತ್ರಯ ಬೇಡವೆಂದು ಬಹಳ ಮಂದಿ ಸಿಮೆಂಟಿಗೆ ಹೊರಳಿದ್ದಾರೆ. ಸಿಮೆಂಟ್ ನೀರಿನೊಡನೆ ಕೂಡುವಾಗ ತಾನೇ ಸ್ವಲ್ಪ ಸುಣ್ಣವನ್ನು ಬಿಡುತ್ತದೆ, ಆ ಸುಣ್ಣವನ್ನು ಬೂದಿ ಬಳಸಿಕೊಳ್ಳುತ್ತದೆ, ಆದರೆ ಪಿ.ಪಿ.ಸಿ.ಯಲ್ಲಿ ಮೊದಲೇ ಬೂದಿ ಬೆರೆತಿರುವುದರಿಂದ ಆ ಸುಣ್ಣದ ಪಾಲು ಅದರೊಳಗಿನ ಬೂದಿಗೇ ಹೋಗುತ್ತದೆ, ಆದ್ದರಿಂದ ಇಟ್ಟಿಗೆಗೆ ಬೂದಿ ಬೆರೆಸದ ಒ.ಪಿ.ಸಿ. ಸಿಮೆಂಟೇ ಮೇಲು. ಶೇ. 10ರಂತೆ ಹಾಕಿದರೂ ಸಾವಿರ ಇಟ್ಟಿಗೆಗೆ 300 ಕಿಲೋ, ಅಂದರೆ ಆರು ಚೀಲ ಸಿಮೆಂಟ್ ಬೇಕು. ಕ್ಯೂರಿಂಗಿನ ದಿನಗಳನ್ನು ಉಳಿಸಲೆಂದು ಇನ್ನೆರಡು ಮೂರು ಚೀಲ ಸುರಿದಾಗ ಖರ್ಚು ಏರುವುದರ ಜೊತೆಗೆ, ಪರಿಸರಸ್ನೇಹಿ ಎಂದು ಫಲಕದ ಮೇಲೆ ಬರೆಸಿದ ಮಾತಿನ ಅರ್ಥವೂ ಅಷ್ಟಷ್ಟೇ ಕರಗುತ್ತದೆ, ಏಕೆಂದರೆ ಪ್ರತಿ ಟನ್ ಸಿಮೆಂಟಿನ ಹಿಂದೆ ಅರ್ಧ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ವಾತಾವರಣ ಸೇರಿರುತ್ತದೆ.

ಕೃಷಿ ತ್ಯಾಜ್ಯದ ಕಡೆ ಈಗ ಎಲ್ಲರ ಕಣ್ಣು ಹೊರಳುತ್ತಿದೆ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಗಳ ಅಕ್ಕಿ ಗಿರಣಿಗಳ ಸುತ್ತ ಭತ್ತದ ಹೊಟ್ಟಿನ ಬೂದಿಯ ರಾಶಿಗಳಿವೆ. ಒಂದು ಟನ್ ಭತ್ತಕ್ಕೆ ಸುಮಾರು 200 ಕಿಲೋ ಹೊಟ್ಟು, ಆ ಹೊಟ್ಟು ಸುಟ್ಟರೆ ಸುಮಾರು 40 ಕಿಲೋ ಬೂದಿ. ಚೆನ್ನಾಗಿ ಸುಟ್ಟ ಬೂದಿಯಲ್ಲಿ ಶೇ. 85ಕ್ಕಿಂತ ಹೆಚ್ಚು ಸಿಲಿಕಾ ಇರುತ್ತದೆ. ಅಂಕಿ ನೋಡಿದರೆ ಹಾರುಬೂದಿಗಿಂತ ಇದೇ ಉತ್ತಮವೆನಿಸಬೇಕು. ಆದರೆ ಸಿಲಿಕಾ ಎಷ್ಟಿದೆ ಎಂಬುದಕ್ಕಿಂತ ಅದು ಯಾವ ರೂಪದಲ್ಲಿದೆ ಎಂಬುದು ಮುಖ್ಯ: ಹದವಾದ ಉರಿಯಲ್ಲಿ, ಸುಮಾರು 700 ಡಿಗ್ರಿಯೊಳಗೆ, ಸುಟ್ಟ ಹೊಟ್ಟಿನ ಸಿಲಿಕಾ ಸುಣ್ಣದೊಡನೆ ಬಹು ಬೇಗ ಕೂಡುತ್ತದೆ, ಅದಕ್ಕಿಂತ ಹೆಚ್ಚಿನ ಬಿಸಿಯಲ್ಲಿ ಅದು ಹರಳುಗಟ್ಟಿ ಮರಳಿನಂತೆ ಜಡವಾಗುತ್ತದೆ, ಕಡಿಮೆ ಗಾಳಿಯಲ್ಲಿ ಸುಟ್ಟರೆ ಇದ್ದಿಲು ಉಳಿದು ಕಪ್ಪಾಗುತ್ತದೆ. ಗಿರಣಿಯ ಬಾಯ್ಲರ್ ಉರಿಯುವುದು ಉಗಿಗಾಗಿ, ಬೂದಿಯ ಗುಣಕ್ಕಾಗಿ ಅಲ್ಲವಾದ್ದರಿಂದ ಅಲ್ಲಿಂದ ಬರುವ ಬೂದಿ ದಿನಕ್ಕೊಂದು ಬಗೆಯಾಗಿರುತ್ತದೆ. ಬೆಳಗಾವಿ, ಬಾಗಲಕೋಟೆ, ಮಂಡ್ಯಗಳ ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆಯ ಬೂದಿಗೂ ಇದೇ ಮಾತು. ಹೊಲದ ಮರಳು ಅದರಲ್ಲಿ ಬೆರೆತಿರುವುದು ಬೇರೆ. ಇಂಥ ಬೂದಿಯನ್ನು ಸಣ್ಣ ಪ್ರಮಾಣದಲ್ಲಿ, ಪರೀಕ್ಷೆ ಮಾಡಿ, ಬೇಕಾದರೆ ನುಣ್ಣಗೆ ಅರೆದು ಬೆರೆಸುವುದಕ್ಕೆ ಅಡ್ಡಿಯಿಲ್ಲ, ಆದರೆ ಪುಕ್ಕಟೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಹಾರುಬೂದಿಯನ್ನು ಇಳಿಸಿ ಇದನ್ನು ಏರಿಸುವುದು ಅಪಾಯ.

ಭತ್ತದ ಹೊಟ್ಟಿಗೆ ಇಟ್ಟಿಗೆಯಲ್ಲಿ ಇನ್ನೂ ಒಳ್ಳೆಯ ಪಾತ್ರವೊಂದಿದೆ, ಅದು ಬೂದಿಯ ಪಾತ್ರವಲ್ಲ, ಉರಿಯ ಪಾತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದು 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ದ ಕಾಲದಿಂದಲೂ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಸುಡದ ಇಟ್ಟಿಗೆಗಳ ಮೇಲೆ ಕೆಲಸ ಮಾಡುತ್ತ ಬಂದಿದ್ದಾರೆ. ಸುಣ್ಣ ಮತ್ತು ಹಾರುಬೂದಿಯನ್ನು ಒತ್ತಿ ಮಾಡಿದ ಮಾದರಿಗಳನ್ನು ಸುಮಾರು 80 ಡಿಗ್ರಿಯ ಉಗಿಯಲ್ಲಿ ಇರಿಸಿದರೆ ವಾರಗಳಲ್ಲಿ ಬರಬೇಕಾದ ಬಲ ಗಂಟೆಗಳಲ್ಲಿ ಬರುತ್ತದೆಂದು ಅಲ್ಲಿನ ಅಧ್ಯಯನಗಳು ತೋರಿಸಿವೆ. ಗಂಗಾವತಿ ಸುತ್ತಿನಲ್ಲಿ ಭತ್ತವನ್ನು ಬೇಯಿಸಲು ಹೊಟ್ಟು ಉರಿಸುವ ಗಿರಣಿಗಳಿಗೆ ಉಗಿ ಹೊಸ ವಸ್ತುವಲ್ಲ. ಕೆಲವು ತಯಾರಕರು ಒಟ್ಟಾಗಿ ಗಿರಣಿಯ ಪಕ್ಕದಲ್ಲಿ ಮುಚ್ಚಿದ ಕೋಣೆಯೊಂದನ್ನು ಕಟ್ಟಿ, ಕೊಳವೆಯಲ್ಲಿ ಉಗಿ ತಂದು, ತಾವು ಒತ್ತಿದ ಇಟ್ಟಿಗೆಯನ್ನು ಅಲ್ಲಿ ಒಂದು ದಿನ ಇರಿಸುವ ಏರ್ಪಾಡನ್ನು ಪ್ರಯತ್ನಿಸಿ ನೋಡಬಹುದು. ಸಾಗಣೆಯ ಖರ್ಚು ಇದನ್ನು ಕೆಡಿಸಬಹುದು, ಮಾಡಿ ನೋಡಿದ ಹೊರತು ಹೇಳಲಾಗದು. ಆದರೂ ಬೇಸಿಗೆಯ ನೀರಿನ ಕೊರತೆಗೂ ಬಂಡವಾಳದ ಇಕ್ಕಟ್ಟಿಗೂ ಒಟ್ಟಿಗೇ ಉತ್ತರ ಕೊಡಬಲ್ಲ ದಾರಿ ಇದಕ್ಕಿಂತ ಹತ್ತಿರದಲ್ಲಿ ಇನ್ನೊಂದಿಲ್ಲ.

ಎಲ್ಲ ತ್ಯಾಜ್ಯವೂ ಇಟ್ಟಿಗೆಯಾಗಬೇಕೆಂಬ ಹುರುಪಿಗೆ ಇಲ್ಲಿ ಸ್ವಲ್ಪ ಕಡಿವಾಣ ಬೇಕು. ತೋರಣಗಲ್ಲಿನಂಥ ಉಕ್ಕಿನ ಊರುಗಳಲ್ಲಿ ಎರಡು ಬಗೆಯ ಕಿಟ್ಟ ಸಿಗುತ್ತದೆ: ಊದುಕುಲುಮೆಯ ಕಿಟ್ಟವನ್ನು ನೀರಿನಲ್ಲಿ ತಣಿಸಿ ಅರೆದರೆ ಸಿಮೆಂಟಿನಂಥ ಗುಣವುಳ್ಳ ವಸ್ತುವಾಗುತ್ತದೆ; ಉಕ್ಕಿನ ಕುಲುಮೆಯ ಕಿಟ್ಟದಲ್ಲಾದರೋ ಕೂಡದೆ ಉಳಿದ ಸುಣ್ಣ ಇರುತ್ತದೆ, ಅದು ಗೋಡೆ ಕಟ್ಟಿ ತಿಂಗಳುಗಳಾದ ಮೇಲೆ ತೇವ ತಾಗಿ ಹಿಗ್ಗಿ ಇಟ್ಟಿಗೆಯನ್ನು ಒಡೆಯುತ್ತದೆ. ಎರಡನ್ನೂ ಕಿಟ್ಟ ಎಂಬ ಒಂದೇ ಹೆಸರಿನಲ್ಲಿ ಕೊಳ್ಳುವುದು ಆತ್ಮಘಾತಕ. ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯ ಕೆಂಪು ಕೆಸರು ತೀವ್ರ ಕ್ಷಾರ. ಕೋಲಾರ ಚಿನ್ನದ ಗಣಿಯ ಸಯನೈಡ್ ದಿಬ್ಬಗಳ ಪುಡಿಯ ಮೇಲೂ ಇಟ್ಟಿಗೆಯ ಪ್ರಯೋಗಗಳಾಗಿವೆ. ಇಂಥವು ಪರೀಕ್ಷಾಲಯದ ಕೆಲಸ. ಅವುಗಳಲ್ಲಿನ ವಿಷ ಲೋಹಗಳು ನೀರಿಗೆ ಇಳಿಯುತ್ತವೆಯೇ ಎಂದು ತಿಳಿಯುವ ಸಾಧನ ಸಣ್ಣ ಘಟಕದಲ್ಲಿ ಇರುವುದಿಲ್ಲ, ಮಲಗುವ ಕೋಣೆಯ ಗೋಡೆ ಅದಕ್ಕೆ ಪ್ರಯೋಗಶಾಲೆಯೂ ಅಲ್ಲ.

ಒಳ್ಳೆಯ ಇಟ್ಟಿಗೆಯೂ ಗೋಡೆಯಲ್ಲಿ ಕೆಡುವುದುಂಟು, ಅದಕ್ಕೆ ಗೌಂಡಿಗೆ ಯಾರೂ ತಿಳಿಸಿ ಹೇಳದಿರುವುದೇ ಕಾರಣ. ಮಣ್ಣಿನ ಇಟ್ಟಿಗೆಯನ್ನು ತೊಟ್ಟಿಯಲ್ಲಿ ನೆನೆಸಿ ಕಟ್ಟುವುದು ರೂಢಿ; ಬೂದಿ ಇಟ್ಟಿಗೆಯನ್ನು ಹಾಗೆ ನೆನೆಸಿ ಕಟ್ಟಿದರೆ ಗೋಡೆಯಲ್ಲಿ ಒಣಗುವಾಗ ಅದು ಕುಗ್ಗುತ್ತದೆ. ಐ.ಎಸ್. 12894 ಮಾನಕ ಈ ಕುಗ್ಗುವಿಕೆಗೆ ಶೇ. 0.15ರ ಮಿತಿ ಹಾಕಿದೆ. ಮಿತಿಯೊಳಗಿದ್ದರೂ ಮೂರು ಮೀಟರ್ ಉದ್ದದ ಗೋಡೆಯಲ್ಲಿ ಅದು 4.5 ಮಿಲಿಮೀಟರಿಗೆ ಮುಟ್ಟಬಹುದು, ಇಷ್ಟು ಸಾಕು ಪ್ಲಾಸ್ಟರಿನ ಮೇಲೆ ಕೂದಲೆಳೆಯ ಬಿರುಕು ಮೂಡಲು. ಕ್ಯೂರಿಂಗ್ ಮುಗಿದ ಮೇಲೆ ನೆರಳಿನಲ್ಲಿ ಕೆಲವು ದಿನ ಒಣಗಲು ಬಿಟ್ಟು, ಕಟ್ಟುವಾಗ ಮೇಲೆ ನೀರು ಚಿಮುಕಿಸಿದರೆ ಸಾಕು. ಗಾರೆಯಲ್ಲಿ ಸಿಮೆಂಟ್ ಹೆಚ್ಚಿಸುವುದೂ ಬಿರುಕನ್ನು ಹೆಚ್ಚಿಸುತ್ತದೆಯೇ ಹೊರತು ತಡೆಯುವುದಿಲ್ಲ. ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಲೋಡಿನೊಡನೆ ಕೊಡುವುದಕ್ಕೆ ತಗಲುವ ಖರ್ಚು ಡ್ರೈವರಿನ ಚಹಾದ ಖರ್ಚಿಗಿಂತ ಕಡಿಮೆ.

ಇಟ್ಟಿಗೆ ಮಾಗಿದೆಯೇ ಎಂದು ತಿಳಿಯಲು ಎರಡು ಇಟ್ಟಿಗೆ ಬಡಿದು ಸದ್ದು ಕೇಳುವ ಹಳೆಯ ವಿಧಾನ ಇಲ್ಲಿ ಪೂರ್ತಿ ನೆಚ್ಚುವಂಥದ್ದಲ್ಲ. ಒಲೆಯಲ್ಲಿ ಒಣಗಿಸಿ ತೂಗಿದ ಇಟ್ಟಿಗೆಯನ್ನು 24 ಗಂಟೆ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿದಾಗ, ಮೂರು ಕಿಲೋದ್ದು 3.6 ಕಿಲೋ ಮೀರಿದರೆ ಅದು ಶೇ. 20ಕ್ಕಿಂತ ಹೆಚ್ಚು ನೀರು ಕುಡಿದಿದೆ ಎಂದರ್ಥ, ಅಂಥದ್ದು ಗೋಡೆಗೆ ಬೇಡ. ನೆನೆಸಿದ ಇಟ್ಟಿಗೆಯನ್ನೇ ಒತ್ತಡ ಯಂತ್ರದಲ್ಲಿ ಒಡೆದು ನೋಡುವುದು ಮುಖ್ಯ, ಏಕೆಂದರೆ ಹಸಿ ಇಟ್ಟಿಗೆ ಒಣಗಿದಾಗ ತೋರಿಸುವ ಸುಳ್ಳು ಬಲ ನೆನೆದಾಗ ಕರಗುತ್ತದೆ. 230 ಮತ್ತು 110 ಮಿಲಿಮೀಟರ್ ಅಳತೆಯ ಮೇಲ್ಮೈಯುಳ್ಳ, 7.5 ದರ್ಜೆಯ ಇಟ್ಟಿಗೆ ಒಡೆಯುವ ಮುನ್ನ ಸುಮಾರು 19 ಟನ್ ಭಾರ ಹೊರಬೇಕು. ಈ ಯಂತ್ರ ಎಂಜಿನಿಯರಿಂಗ್ ಕಾಲೇಜುಗಳ ಪರೀಕ್ಷಾಲಯದಲ್ಲಿ ಇರುತ್ತದೆ; ತಿಂಗಳಿಗೊಮ್ಮೆ ಐದು ಇಟ್ಟಿಗೆ ಕೊಟ್ಟು ಬಂದ ಫಲಿತಾಂಶವನ್ನು, ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಕಚೇರಿಯ ಗೋಡೆಗೆ ಹಚ್ಚುವ ತಯಾರಕರಿಗೆ ಜಾಹೀರಾತಿನ ಅಗತ್ಯ ಕಡಿಮೆಯಾಗುತ್ತದೆ.

ಅಂಗಳದಲ್ಲಿ ದುಡಿಯುವವರ ಬಗ್ಗೆಯೂ ಒಂದು ಮಾತು. ಬೂದಿಯ ನುಣುಪು ಕಣ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣದು, ಸುಣ್ಣ ಕೈಯ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಇಟ್ಟಿಗೆ ಎತ್ತಿ ಸಾಲುಗಟ್ಟುವ, ನೀರು ಹೊಡೆಯುವ ಕೆಲಸದಲ್ಲಿರುವ ಹೆಂಗಸರಿಗೆ ಸೀರೆಯ ಸೆರಗೇ ಮುಖವಸ್ತ್ರವಾಗಿರುವುದನ್ನು ತಯಾರಕರು ದಿನವೂ ನೋಡುತ್ತಾರೆ. ಒಣ ಬೂದಿಯನ್ನು ಮಿಕ್ಸರಿಗೆ ಸುರಿಯುವ ಜಾಗಕ್ಕೆ ಮುಚ್ಚಿಗೆ, ಕೈಗೆ ರಬ್ಬರ್ ಗವಸು, ಮುಖಕ್ಕೆ ಸರಿಯಾದ ಮಾಸ್ಕ್ ಒದಗಿಸುವುದು ದಾನವಲ್ಲ, ಮಾಲೀಕರ ಹೊಣೆ.

ಉಳಿಯುವುದು ಬಂಡವಾಳದ ಪ್ರಶ್ನೆ, ಅದೇ ನಿಜವಾದ ಪ್ರಶ್ನೆಯೂ ಹೌದು. ದಿನಕ್ಕೆ 10,000 ಇಟ್ಟಿಗೆ ಒತ್ತುವ ಘಟಕ 28 ದಿನ ಕಾಯಬೇಕಾದರೆ 2.8 ಲಕ್ಷ ಇಟ್ಟಿಗೆ ಅಂಗಳದಲ್ಲಿ ಕೂತಿರುತ್ತವೆ. ಸೊಂಟದೆತ್ತರಕ್ಕೆ ಪೇರಿಸಿ, ನಡುವೆ ದಾರಿ ಬಿಟ್ಟರೂ ಅಷ್ಟು ಇಟ್ಟಿಗೆ ಹತ್ತು ಗುಂಟೆಯ ಆಸುಪಾಸಿನಲ್ಲಿ ಹಿಡಿಯುತ್ತದೆ, ಆದ್ದರಿಂದ ಜಾಗ ಸಾಲದು ಎಂಬ ನೆಪ ನಿಲ್ಲುವುದಿಲ್ಲ. ಅಷ್ಟು ಇಟ್ಟಿಗೆಗೆ ಹಾಕಿದ ಹಣ ತಿಂಗಳಿಡೀ ಮರಳಿ ಬರುವುದಿಲ್ಲ ಎಂಬುದೇ ತೊಂದರೆ. ಇದಕ್ಕೆ ಬ್ಯಾಂಕಿನ ಕಡೆಗೆ ನೋಡುವ ಮೊದಲು ಮಾರಾಟದ ಕ್ರಮವನ್ನೇ ಬದಲಿಸುವ ಅವಕಾಶವಿದೆ. ಮನೆ ಕಟ್ಟಿಸುವವರು ಪಾಯ ತೋಡಿದ ದಿನದಿಂದ ಗೋಡೆ ಏಳುವವರೆಗೆ ಪಾಯದ ಕಲ್ಲು, ಬೆಡ್, ಪ್ಲಿಂತ್ ಎಂದು ಹೇಗೂ ಮೂರು ನಾಲ್ಕು ವಾರ ಕಳೆಯುತ್ತವೆ. ಈಗ ಇಟ್ಟಿಗೆಗೆ ಫೋನ್ ಹೋಗುವುದು ಪ್ಲಿಂತ್ ಮುಗಿದ ಸಂಜೆ. ಅದರ ಬದಲು ಪಾಯ ತೋಡುವಾಗಲೇ ಮೂರನೆಯ ಒಂದು ಭಾಗ ಮುಂಗಡ ಪಡೆದು ಆ ಮನೆಯ ಹೆಸರಿಗೆ ಇಟ್ಟಿಗೆ ಒತ್ತಿಟ್ಟರೆ, ಕಾಯುವ ದಿನಗಳು ಗಿರಾಕಿಯ ಕೆಲಸದ ದಿನಗಳೊಳಗೇ ಸೇರಿಹೋಗುತ್ತವೆ, ಬಂಡವಾಳದ ಭಾರವೂ ಹಂಚಿಹೋಗುತ್ತದೆ. ಇದಕ್ಕೆ ಜೊತೆಯಾಗಿ ಅಚ್ಚಿನ ತಗಡಿನಲ್ಲಿ ಕಂಪನಿಯ ಹೆಸರಿರುವ ಕಡೆ ವಾರದ ಸಂಖ್ಯೆಯ ಸಣ್ಣ ಬಿಲ್ಲೆಯೊಂದನ್ನು ತಿರುಪಿನಿಂದ ಕೂರಿಸಿ ಪ್ರತಿ ಸೋಮವಾರ ಬದಲಿಸುವುದಾದರೆ, ಇಟ್ಟಿಗೆಯ ವಯಸ್ಸು ಇಟ್ಟಿಗೆಯ ಮೈಮೇಲೆಯೇ ಇರುತ್ತದೆ. ಬಿಲ್ಲಿನಲ್ಲೂ ಅದೇ ಸಂಖ್ಯೆ ಬರೆದರೆ ಗೌಂಡಿ, ಎಂಜಿನಿಯರ್, ಗಿರಾಕಿ ಮೂವರೂ ಓದಿಕೊಳ್ಳಬಹುದು. ಒಬ್ಬಿಬ್ಬರು ಮಾಡಿದರೆ ಬೇಗ ಮಾರುವ ಪಕ್ಕದವರ ಮುಂದೆ ಅವರು ಸೋಲಬಹುದಾದ್ದರಿಂದ, ಪ್ರತಿ ಜಿಲ್ಲೆಯ ತಯಾರಕರ ಸಂಘ ಮುಂದಿನ ಬೇಸಿಗೆಗೆ ಮೊದಲೇ ಸಭೆ ಕರೆದು ವಾರದ ಸಂಖ್ಯೆಯಿಲ್ಲದ ಇಟ್ಟಿಗೆಯನ್ನು ಸದಸ್ಯರು ಮಾರತಕ್ಕದ್ದಲ್ಲ ಎಂದು ನಿರ್ಣಯಿಸಬೇಕೆಂಬುದು ಈ ಪತ್ರದ ಕೋರಿಕೆ.